ಕಾಡುಗೋಡಿ ದಂಡು

ಅವಮಾನವಾದರೆ ಕೆಲವರು ಊಟ ಬಿಡುತ್ತಾರೆ, ಕೆಲವರು ಊರು ಬಿಡುತ್ತಾರೆ. ನಾನು ಎರಡನ್ನೂ ಬಿಡದೆ ಒಂದು ದಂಡು ಕಟ್ಟಿದೆ. ಆನ್‌ಲೈನ್ ಆಟದ ದಂಡು. ಅದಕ್ಕೆ ಗಿಲ್ಡ್ ಅನ್ನುತ್ತಾರೆ. ಎಲ್ಲರೂ ಒಟ್ಟಾಗಿ ಗುಹೆಗೆ ನುಗ್ಗಿ, ಬೆಂಕಿ ಉಗುಳುವ ಡ್ರ್ಯಾಗನ್ನನ್ನು ಕೊಲ್ಲಬೇಕು. ಮೊದಲು ನಾನು ಆಫೀಸಿನವರ ಗಿಲ್ಡಿನಲ್ಲಿದ್ದೆ. ನಮ್ಮ ಟೀಮ್ ಲೀಡ್ ಕುನಾಲನೇ ಅದಕ್ಕೂ ನಾಯಕ. ಒಂದು ಸಲ ಡ್ರ್ಯಾಗನ್ ಬಾಯಿ ತೆರೆದಾಗ ನಾನು ಮೈಕಿನಲ್ಲಿ "ಲೇಯ್, ಎಡಕ್ಕೆ ಓಡ್ರೋ!" ಅಂದುಬಿಟ್ಟೆ. ಕನ್ನಡ ಬಾರದವರೆಲ್ಲ ಸುಟ್ಟುಹೋದರು. ಮರುದಿನ ಕಾಫಿ ಮೆಷೀನಿನ ಹತ್ತಿರ ಕುನಾಲ್ "ಇಲ್ಲಿ ಇಂಗ್ಲಿಷ್ ಮಾತ್ರ" ಎಂದು ನಗುನಗುತ್ತಲೇ ನನ್ನನ್ನು ಗಿಲ್ಡಿನಿಂದ ತೆಗೆದ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಇಂಗ್ಲಿಷನ್ನು ಬಂಡೆ ಒಡೆದ ಹಾಗೆ ಒಡೆದು ಕಲಿತವನು. ಸಂಬಳಕ್ಕಾಗಿ ಅದನ್ನು ಮಾತಾಡುತ್ತೇನೆ, ಸರಿ. ಸಾಯುವಾಗಲೂ ಮಾತಾಡಬೇಕೇ? "ಕನ್ನಡದಲ್ಲೇ ಡ್ರ್ಯಾಗನ್ ಹೊಡೀತೀನಿ. ಈ ತಿಂಗಳೊಳಗೆ ಆಗದಿದ್ರೆ ಆಟಾನೇ ಬಿಡ್ತೀನಿ" ಎಂದು ಎಲ್ಲರೆದುರು ಹೇಳಿಬಿಟ್ಟೆ.

ಕಾಡುಗೋಡಿಯ ನಮ್ಮ ವಠಾರದಲ್ಲೇ ಜನ ಸಿಕ್ಕರು. ಮುಂದೆ ನಿಂತು ಏಟು ತಿನ್ನಲು ಕೊಪ್ಪಳದ ಬಸವರಾಜ, ಫ್ಯಾಕ್ಟರಿಯಲ್ಲಿ ಫಿಟ್ಟರ್. ಗಾಯಕ್ಕೆ ಮದ್ದು ಹಾಕಲು ಮನೆ ಓನರ್ ಮಂಜುಳಕ್ಕ. ಮಿಕ್ಕವರು ಪಕ್ಕದ ಬಾಡಿಗೆ ರೂಮುಗಳವರು. ಕೆಳಗಿನ ಸೈಬರ್ ಸೆಂಟರೇ ನಮ್ಮ ಗರಡಿ. ಎಲ್ಲರೂ ಚುರುಕು, ತೊಂದರೆ ಒಂದೇ. ನಮ್ಮ ಕಡೆ ರಸ್ತೆಯಲ್ಲಿ ಸ್ಕೂಟರ್ ಬಿದ್ದರೆ ಏನಾಗುತ್ತದೆ, ನಿಮಗೇ ಗೊತ್ತು. ಬಸ್ಸಿನಿಂದಲೂ ಇಳಿದು ಬಂದು ಸುತ್ತ ನಿಲ್ಲುತ್ತಾರೆ. ಒಬ್ಬ ನೀರು ಚಿಮುಕಿಸುತ್ತಾನೆ, ಇನ್ನೊಬ್ಬ ಕೈಗೆ ಬೀಗದ ಕೈ ಹಿಡಿಸುತ್ತಾನೆ, ಮಿಕ್ಕವರು ಬಿದ್ದವನಿಗೆ ಬುದ್ಧಿ ಹೇಳುತ್ತಾರೆ. ಗುಹೆಯಲ್ಲೂ ಅದೇ. ನಮ್ಮವನೊಬ್ಬ ಬಿದ್ದನೋ, ಕತ್ತಿ ಇಳಿಸಿ ಎಲ್ಲರೂ ಓಡಿ ಬಂದು ಸುತ್ತುಗಟ್ಟುತ್ತಿದ್ದರು. ಡ್ರ್ಯಾಗನ್ ಒಂದೇ ಉಸಿರಿಗೆ ಅಷ್ಟೂ ಜನರನ್ನು ಹುರಿದು ಹಾಕುತ್ತಿತ್ತು.

"ಬಿದ್ದೋರನ್ನ ನೋಡಬೇಡ್ರೀ, ಹೊಡೀರಿ!" ಎಂದು ಕಿರುಚುತ್ತಿದ್ದೆ.

"ಅಯ್ಯೋ, ನೋಡ್ದಂಗೆ ಎಂಗಪ್ಪಾ ಓಗಾದು? ಅವ್ನೂ ಒಬ್ರ ಮಗ ಅಲ್ವಾ?" ಎಂದು ಮಂಜುಳಕ್ಕ.

"ನಮ್ಮ ಮನಷ್ಯಾ ಬಿದ್ದಾನ್ರಿ ಸರ, ನಾ ಹ್ಯಾಂಗ ಸುಮ್ನಿರ್ಲಿ?" ಎಂದು ಬಸವರಾಜ.

ಇಂಥವರಿಗೆ ಕಲ್ಲೆದೆ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಪಾಪ ಬರುವುದಾದರೆ ನನಗೇ ಬರಲಿ ಅಂದೆ. ಸರದಿಯ ಮೇಲೆ ಒಬ್ಬೊಬ್ಬರನ್ನೇ ಬೀಳಿಸಿ, ಉಳಿದವರು ತಿರುಗಿ ನೋಡದಂತೆ ಪಳಗಿಸಿದೆ. ಮಂಜುಳಕ್ಕ ಮೊದಮೊದಲು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಸತ್ತವರನ್ನು ದಾಟಿಕೊಂಡೇ ಓಡಾಡಿದರು.

ತಿಂಗಳ ಕೊನೆಯ ಭಾನುವಾರ, ಮಧ್ಯಾಹ್ನದ ಊಟ ಮುಗಿಸಿ ಗುಹೆಗೆ ನುಗ್ಗಿದೆವು. "ಎಡಕ್ಕೆ!" ಎಂದು ಕೂಗಿದ ನಾನೇ ಗಾಬರಿಯಲ್ಲಿ ಬಲಕ್ಕೆ ಓಡಿ, ಎಲ್ಲರಿಗಿಂತ ಮೊದಲು ಬಿದ್ದೆ. ಒಂದು ತಲೆಯೂ ನನ್ನ ಕಡೆ ತಿರುಗಲಿಲ್ಲ. ಬಸವರಾಜ ಗುರಾಣಿ ಒಡ್ಡಿದ, ಮಂಜುಳಕ್ಕ ಅವನಿಗೆ ಮದ್ದು ಸುರಿದರು, ರೂಮಿನವರು ಮುಗಿಬಿದ್ದರು. ಡ್ರ್ಯಾಗನ್ ಉರುಳಿತು. ಆಗ ಅಷ್ಟೂ ಜನ ಓಡಿ ಹೋಗಿ ಸುತ್ತ ನಿಂತರು, ಡ್ರ್ಯಾಗನ್ನಿನ ಸುತ್ತ.

"ಪಾಪ, ಎಂಥಾ ಮೈಕಟ್ಟು ನೋಡು" ಅಂದರು ಮಂಜುಳಕ್ಕ.

"ನನ್ನನ್ನೂ ಯಾರಾದ್ರೂ ಎಬ್ಬಿಸ್ರಪ್ಪಾ!"

"ಬಿದ್ದವ್ರನ್ನ ನೋಡಬ್ಯಾಡ್ರಿ ಅಂತ ನೀವ ಹೇಳೀರಲ್ರಿ ಸರ" ಅಂದ ಬಸವರಾಜ.

ಸೋಮವಾರ ಗೆಲುವಿನ ಚಿತ್ರವನ್ನು ಕುನಾಲನ ಮುಂದಿಟ್ಟೆ. ಅವನು ಅದನ್ನು ಹಿಗ್ಗಿಸಿ ನೋಡಿ, "ಒಪ್ಪಿದೆ. ಇದರಲ್ಲಿ ನೀನೆಲ್ಲಿ?" ಅಂದ. ಮೂಲೆಯಲ್ಲಿ ಬೋರಲು ಬಿದ್ದಿದ್ದ ನನ್ನ ಮೇಲೆ ಬೆರಳಿಟ್ಟು ತೋರಿಸಿದೆ. ಎದೆ ಸೆಟೆಸಿಕೊಂಡೇ ತೋರಿಸಿದೆ.