ಸಪ್ಪಳವಿಲ್ಲದ ಇಂಜಿನ್

ಮಾವನ ಕಾರ್ಡು ಬಂದು ಮುಟ್ಟಿದ್ದು ಗುರುವಾರ ಬೆಳಿಗ್ಗೆ, ಚಹಾದ ಹೊತ್ತಿಗೆ. ಅದರಲ್ಲಿದ್ದದ್ದು ಮೂರೇ ಸಾಲು. "ಗುರುವಾರ ಮಧ್ಯಾಹ್ನದ ಮೋಟಾರಿಗೆ ಬರುವೆ. ರೇಡಿಯೋ ರಿಪೇರಿ ಮುಗಿದಿರಬಹುದು. ತೆಗೆದುಕೊಂಡು ಸಂಜೆಯ ಮೋಟಾರಿಗೆ ಹೊರಡುವೆ."

ತಿಳವಳ್ಳಿ ಹೈಸ್ಕೂಲಿನ ಸಾಯನ್ಸ್ ಮಾಸ್ತರ ಕರಿಬಸಪ್ಪ ಅದನ್ನು ಓದಿ ಚಹಾದ ಬಟ್ಟಲು ಕೆಳಗಿಟ್ಟ. ರೇಡಿಯೋ ರಿಪೇರಿ ಮುಗಿದಿರಲಿಲ್ಲ. ನಿಜ ಹೇಳಬೇಕೆಂದರೆ ಅದು ಕೆಟ್ಟೇ ಇರಲಿಲ್ಲ. "ಸ್ವಲ್ಪ ಗೊರಗೊರ ಅಂತೈತ್ರಿ ಮಾವಾರ, ನೋಡ್ತೇನಿ" ಎಂದು ಮೂರು ತಿಂಗಳ ಹಿಂದೆ ಬಂಕಾಪುರದಿಂದ ಅದನ್ನು ಹೊತ್ತು ತಂದವನು, ಅದರ ಹೊಟ್ಟೆ ಬಗೆದು, ವಾಲ್ವುಗಳನ್ನೆಲ್ಲ ಕಿತ್ತು, ತಾನು ಕಟ್ಟುತ್ತಿದ್ದ ಆರು ಅಡಿಯ ದೋಣಿಯೊಳಗೆ ಕೂಡಿಸಿಬಿಟ್ಟಿದ್ದ. ದಂಡೆಯ ಮೇಲೆ ನಿಂತು, ಕೈಯಲ್ಲಿ ಹಿಡಿದ ಸಣ್ಣ ಪೆಟ್ಟಿಗೆಯ ಗುಂಡಿ ಒತ್ತಿದರೆ ಸಾಕು, ದೋಣಿಯೊಳಗಿನ ರೇಡಿಯೋ ಅದನ್ನು ಕೇಳಿಸಿಕೊಂಡು ಚುಕ್ಕಾಣಿ ತಿರುಗಿಸುತ್ತದೆ. ಮನೆಯಲ್ಲಿ ಕಸೂತಿ ಅರಿವೆ ಹೊದ್ದು ಕುಳಿತಿದ್ದದ್ದು ರೇಡಿಯೋದ ಬರೀ ಕಟ್ಟಿಗೆಯ ಡಬ್ಬಿ.

ಹೆಂಡತಿ ಸರೋಜವ್ವ ಕಾರ್ಡು ಓದಿ ಹಣೆ ಬಡಿದುಕೊಂಡಳು.

"ರೀ, ನಮ್ಮಪ್ಪ ನನ್ನ ಲಗ್ನದಾಗ ಅತ್ತಿರಲಿಲ್ಲ. ಆ ರೇಡಿಯೋ ನೀವು ತರೋ ಮುಂದ ಕಣ್ಣೀರು ಹಾಕ್ಯಾನ. ಈಗಿಂದೀಗ ಎಲ್ಲಾ ಹೊಳ್ಳಿ ಜೋಡಸ್ರಿ."

"ಜೋಡಸೂದು ಒಂದು ತಾಸಿನ ಕೆಲಸ. ಆದ್ರ ದೋಣಿ ಇವತ್ತ ಕೆರ್ಯಾಗ ಇಳೀಬೇಕಲ್ಲ!"

ಇಳಿಯಲೇಬೇಕಿತ್ತು. ಆ ವರ್ಷ ಕೆರೆ ತುಂಬಿ ಕೋಡಿ ಬಿದ್ದಿತ್ತು. ಕೆರೆ ತುಂಬಿದಾಗ ಊರ ಹೆಣ್ಣುಮಕ್ಕಳು ಗಂಗವ್ವನಿಗೆ ಉಡಿ ತುಂಬುವುದು ಪದ್ಧತಿ. ಮೊದಲೆಲ್ಲ ಬಾಳೆದಿಂಡಿನ ತೆಪ್ಪದಲ್ಲಿ ಸೀರೆ, ಕುಬಸ, ಬಳೆ, ಕಾಯಿ ಇಟ್ಟು ತೇಲಿಬಿಡುತ್ತಿದ್ದರಂತೆ. ಹೋದ ಸಲ ಅದು ದಂಡೆಯ ಜೊಂಡಿನಲ್ಲೇ ಸಿಕ್ಕಿಕೊಂಡು ನಡುನೀರು ಸೇರಲಿಲ್ಲವೆಂದು ಊರಿಗೆಲ್ಲ ಮನಸ್ಸು ಚುಚ್ಚುತ್ತಿತ್ತು. "ನಮ್ಮ ಮಾಸ್ತರ ದೋಣಿ ಐತಲ್ಲ!" ಎಂದು ಪಂಚಾಯ್ತಿ ಚೇರ್ಮನ್ ಗುದ್ಲೆಪ್ಪ, ಕರಿಬಸಪ್ಪನನ್ನು ಒಂದು ಮಾತು ಕೇಳದೆ ಡಂಗುರ ಸಾರಿಸಿದ್ದ. ಡಂಗುರವಾದ ಮೇಲೆ ಒಲ್ಲೆ ಎನ್ನುವ ಎದೆ ಕರಿಬಸಪ್ಪನಿಗೆ ಎಲ್ಲಿಂದ ಬರಬೇಕು? ಕಳೆದ ವರ್ಷವಷ್ಟೇ ಸವಣೂರಿನಿಂದ ವರ್ಗವಾಗಿ ಬಂದ ಮನುಷ್ಯ.

ಅವನು ಬೆರಳು ಮಡಚಿ ಲೆಕ್ಕ ಹಾಕಿದ. ಹತ್ತೂವರೆಗೆ ದೋಣಿ ಹೋಗುತ್ತದೆ, ಹನ್ನೊಂದಕ್ಕೆ ಬರುತ್ತದೆ, ಹನ್ನೆರಡಕ್ಕೆ ವಾಲ್ವು ಡಬ್ಬಿ ಸೇರುತ್ತವೆ, ಒಂದರ ಬಸ್ಸಿಗೆ ಮಾವ. ಒಂದೇ ಮಾತು: ದೋಣಿ ಹೊಳ್ಳಿ ಬರಬೇಕು. ಅದು ನಡುನೀರಲ್ಲಿ ನಿಂತರೆ ತನ್ನ ಕತೆಯೂ ಅಲ್ಲಿಗೇ ನಿಂತಂತೆ.

ಕೆರೆಗೆ ಹೋದರೆ ಅರ್ಧ ಊರು ಆಗಲೇ ನೆರೆದಿತ್ತು. ದೋಣಿಗೆ ಯಾವ ಇಂಜಿನ್ ಕೂಡಿಸಬೇಕೆಂದು ಕರಿಬಸಪ್ಪ ಒಂದು ತಿಂಗಳು ತಲೆ ಕೆಡಿಸಿಕೊಂಡು ಗೊತ್ತುಮಾಡಿದ್ದ. ಊರವರು ಒಂದು ಗಳಿಗೆಯೂ ಕೆಡಿಸಿಕೊಳ್ಳದೆ ಗೊತ್ತುಮಾಡಿ ಬಂದಿದ್ದರು. ಗುದ್ಲೆಪ್ಪನಂತೂ ನಾಲ್ಕು ಆಳುಗಳ ಹೆಗಲ ಮೇಲೆ ತನ್ನ ತೋಟದ ಪಂಪಿನ ಇಂಜಿನ್ನನ್ನೇ ಹೊರಿಸಿಕೊಂಡು ಬಂದಿದ್ದ.

"ಮಾಸ್ತರ, ಇದನ್ನ ಕೂಡಸ್ರಿ. ಇಡೀ ತ್ವಾಟಕ್ಕ ನೀರು ಎತ್ತತೈತಿ, ನಿಮ್ಮ ದೋಣಿ ದೂಡಾಕ ಆಗೂದಿಲ್ಲೇನು?"

"ಚೇರ್ಮನ್ರ, ದೋಣಿಗಿಂತ ಅದರ ಭಾರನ ಜಾಸ್ತಿ ಐತ್ರಿ."

"ಭಾರ ಇದ್ರನ ಒಂದು ಗತ್ತು. ಇಡ್ರೋ!"

ಇಟ್ಟೇಬಿಟ್ಟರು. ದೋಣಿ ಸರ್ರನೆ ಕೆಳಗಿಳಿದು, ನೀರು ಅಂಚು ಮುಟ್ಟಲು ಬೆರಳಗಲ ಉಳಿಯಿತು. ವಾಲ್ವಿಗೆ ನೀರು ತಾಗೀತೆಂದು ಕರಿಬಸಪ್ಪ ಧೋತರ ಸಮೇತ ಸೊಂಟಮಟ್ಟ ನೀರಿಗೆ ಹಾರಿ ದೋಣಿಯನ್ನು ತಬ್ಬಿಕೊಂಡ. "ತಗೀರಿ! ನಿಮ್ಮ ಕಾಲಿಗೆ ಬೀಳ್ತೇನಿ, ತಗೀರಿ!"

ಆಳುಗಳು ಇಂಜಿನ್ ಎತ್ತಿ ದಂಡೆಗಿಟ್ಟ ಮೇಲೆ ಸೈಕಲ್ ಅಂಗಡಿಯ ಪೀರಸಾಬ ಮುಂದೆ ಬಂದ. ಅವನ ಕೈಯಲ್ಲಿ ಸೈಕಲ್ಲಿಗೆ ಹಚ್ಚುವ ಸಣ್ಣ ಪೆಟ್ರೋಲ್ ಇಂಜಿನ್ ಇತ್ತು.

"ಅದೆಲ್ಲಾ ಬಿಡ್ರಿ ಮಾಸ್ತರ. ಇದು ನೋಡ್ರಿ, ಹಗರ ಐತಿ, ಜೋರೂ ಐತಿ. ಚೈನ್ ಹಾಕಿ ಎರಡೂ ಬಾಜೂಕ ನೀರು ಬಡಿಯೋ ಗಾಲಿ ತಿರುಗಸೋಣ. ದೋಣಿ ದೂಡಾಕ ನೀವು ಮಾಡಿದ ಪಂಖಾ ನೀರಿನ ತೆಳಗ ಇರ್ತೈತಿ. ಜೊಂಡು ಸುತ್ಕೊಂತು ಅಂದ್ರ ಖೇಲ್ ಖತಂ!"

ಮಾತು ಸುಳ್ಳಲ್ಲ. ಜೊಂಡು ಎಂದೊಡನೆ ಕರಿಬಸಪ್ಪನ ಕಣ್ಣಮುಂದೆ ಮಾವನ ಮುಖ ಬಂದು, ಅವನು ಹೂಂ ಎಂದುಬಿಟ್ಟ. ಪೀರಸಾಬ ಗಾಲಿ ಬಿಗಿದು, ದೋಣಿಗೆ ಹಗ್ಗ ಕಟ್ಟಿ ಹಿಡಿದುಕೊಂಡು, ಇಂಜಿನ್ ಶುರು ಮಾಡಿದ. ಇಂಜಿನ್ನು ಭರ್ರೆಂದಿತು. ಆದರೆ ಅದರ ಪ್ಲಗ್ಗಿನಲ್ಲಿ ಕಿಡಿ ಹಾರಿದಾಗಲೆಲ್ಲ ರೇಡಿಯೋ ಅದನ್ನು ತನಗೆ ಕೊಟ್ಟ ಅಪ್ಪಣೆಯೆಂದೇ ತಿಳಿಯಿತು. ಚುಕ್ಕಾಣಿ ನೊಣ ಝಾಡಿಸುವ ಎಮ್ಮೆಯ ಬಾಲದ ಹಾಗೆ ಅತ್ತಿತ್ತ ಬಡಿದುಕೊಳ್ಳತೊಡಗಿತು. ದೋಣಿ ಎರಡು ಸುತ್ತು ಹಾಕಿ ನೇರ ಪೀರಸಾಬನ ಮೇಲೆಯೇ ಬಂತು. ಅವನು ಹಗ್ಗ ಬಿಟ್ಟು ಓಡಿದ. ದೋಣಿ ಕೆಸರಿಗೆ ಮೂತಿ ಹುಗಿದು ನಿಂತಿತು.

"ನಿಮ್ಮ ರೇಡಿಯೋಕ್ಕ ಅಕಲ್ ಇಲ್ರಿ ಮಾಸ್ತರ," ಎಂದ ಪೀರಸಾಬ ದೂರದಿಂದಲೇ.

ಗಂಟೆ ಹನ್ನೊಂದಾಗುತ್ತ ಬಂದಿತ್ತು. ಕರಿಬಸಪ್ಪ ಗಾಲಿ ಕಿತ್ತೊಗೆದು ತನ್ನದೇ ಸಾಮಾನು ಕೂಡಿಸಿದ: ಮುರುಕು ಲಾರಿಯಿಂದ ಬಿಚ್ಚಿದ ಸಣ್ಣ ಕರೆಂಟು ಮೋಟರು, ಅದಕ್ಕೆ ಲಾರಿಯ ಬ್ಯಾಟರಿ, ತಗಡು ಕತ್ತರಿಸಿ ಮಾಡಿದ ಪಂಖ, ಜೊಂಡು ತಾಗದಂತೆ ಪಂಖದ ಸುತ್ತ ತಂತಿಯ ಬಲೆ. ಸ್ವಿಚ್ಚು ಒತ್ತಿದ.

"ಬಂದ್ ಬಿತ್ತೇನ್ರಿ?" ಗುದ್ಲೆಪ್ಪ ಕೇಳಿದ.

"ಇಲ್ರಿ, ನಡದೈತಿ."

"ಸಪ್ಪಳ ಇಲ್ಲದ್ದು ಎಂಥಾ ಇಂಜಿನ್ರೀ? ಹೆಣ್ಣು ನೋಡಾಕ ಬಂದ ಮೂಕ ಗಂಡಿನಂಗ!"

ಅಷ್ಟರಲ್ಲಿ ಹೆಣ್ಣುಮಕ್ಕಳು ಬಂದರು. ಊರಿನ ಹಿರಿಯಳಾದ ಮುದಕವ್ವ ಹಸಿರು ಸೀರೆ, ಖಣ, ಬಳೆ, ಕಾಯಿ, ಅಕ್ಕಿಯನ್ನು ದೋಣಿಯಲ್ಲಿಟ್ಟು ಕೈಮುಗಿದಳು. ದೋಣಿ ನೀರು ಸೀಳಿಕೊಂಡು ಸದ್ದಿಲ್ಲದೆ ಹೊರಟಿತು. ಜೊಂಡು ದಾಟಿತು. ನಡುನೀರು ಸೇರಿತು. "ಉಧೋ ಗಂಗವ್ವ!" ಎಂದು ದಂಡೆ ಕೂಗಿತು.

ಕರಿಬಸಪ್ಪ ಗುಂಡಿ ಒತ್ತಿದ. ದೋಣಿ ಹೊರಳಿತು! ಹೇಳಿದ ಮಾತು ಕೇಳುವ ಮಗುವಿನಂತೆ ನೆಟ್ಟಗೆ ಅವನ ಕಡೆಗೇ ಬರತೊಡಗಿತು. ಅವನಿಗೆ ಸಂತೋಷಕ್ಕೆ ಅಳುವೇ ಬಂತು. ಬದುಕಿದೆ ಎಂದುಕೊಂಡ.

"ಅಯ್ಯಯ್ಯೋ! ಹೊಳ್ಳಿ ಬರಾಕತ್ತೈತಲ್ಲೋ!" ಮುದಕವ್ವ ಚೀರಿದಳು.

"ಬರ್ತೈತ್ರೀ ಅವ್ವಾರ, ಬರ್ಲಿ ಅಂತನ ಮೂರು ತಿಂಗಳು ದುಡದೇನಿ."

"ಥೂ ನಿಮ್ಮ! ಕೊಟ್ಟ ಉಡಿ ಹೊಳ್ಳಿ ಬಂದ್ರ ಊರು ಉಳೀತೈತೇನು? ಗಂಗವ್ವಗ ಬಿಟ್ಟದ್ದು ಆಕೀದ. ಉಡೀನೂ ಆಕೀದು, ದೋಣೀನೂ ಆಕೀದು. ತಿರುಗಸ್ರಿ ಅದನ್ನ!"

ತೆಪ್ಪ ಎಂದೂ ಹೊಳ್ಳಿ ಬಂದದ್ದಿಲ್ಲ. ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಇನ್ನೂರು ಕಣ್ಣುಗಳು ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದಾಗ ಅವನು ಗುಂಡಿ ಒತ್ತಿ ದೋಣಿಯನ್ನು ತಿರುಗಿಸಿದ. ಜನರ ಕಣ್ಣು ನೀರಿನ ಕಡೆ ಹೋದೊಡನೆ ಪೆಟ್ಟಿಗೆಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಮತ್ತೆ ಒತ್ತಿದ. ದೋಣಿ ಮತ್ತೆ ದಂಡೆಗೆ ಮುಖ ಮಾಡಿತು.

"ಮಾಸ್ತರ!"

"ನಾ ಒತ್ತಿಲ್ರಿ! ತಾನ ಬರಾಕತ್ತೈತಿ!"

ಹೇಳಬಾರದಿತ್ತು. ಮುದಕವ್ವ ಕುಸಿದು ಕುಳಿತಳು. "ಗಂಗವ್ವ ಒಲ್ಲೆ ಅನ್ನಾಕತ್ತಾಳ. ಯಾರದೋ ಹೊಟ್ಟ್ಯಾಗ ಕಪಟ ಐತಿ." ಒಬ್ಬರ ಮುಖ ಒಬ್ಬರು ನೋಡಿದರು. ಕರಿಬಸಪ್ಪ ನೆಲ ನೋಡಿದ.

"ಸರೀರಿ, ಸರೀರಿ, ದಾರಿ ಬಿಡ್ರಿ," ಎಂದು ಹಿಂದಿನಿಂದ ಒಂದು ದನಿ ಕೇಳಿತು. ಕೆಂಪು ರುಮಾಲಿನ ಮುದುಕರೊಬ್ಬರು ಜನರನ್ನು ಬಗಲಿಗೆ ಸರಿಸುತ್ತ ಬಂದರು. ಮಾವ! ಬಂಕಾಪುರದ ಬಸವಣ್ಣೆಪ್ಪನವರು! ಹಾನಗಲ್ಲಿನಲ್ಲಿ ಯಾರದೋ ಲಾರಿ ಸಿಕ್ಕು ಎರಡು ತಾಸು ಮೊದಲೇ ಬಂದಿದ್ದರು. ಸಂಗತಿ ಕೇಳಿ ತಿಳಿದು, ಅಳಿಯನ ಕಡೆ ತಿರುಗಿ ತಲೆ ಅಲ್ಲಾಡಿಸಿದರು.

"ಕೊಡೂ ಮುಂದ ಕೈ ಬಿಚ್ಚಿ ಕೊಡಬೇಕ್ರಿ ಅಳಿಯಂದ್ರ. ಆಸೆ ಇಟ್ಕೊಂಡು ಕೊಟ್ರ ದೇವ್ರು ಒಲ್ಲೆ ಅಂತಾನ. ನಿಮ್ಮ ಕೈಲೆ ಆಗಲಿಲ್ಲಂದ್ರ ಬಿಡ್ರಿ, ನಾ ಕೊಡ್ತೇನಿ."

ಧೋತರ ಮೇಲಕ್ಕೆ ಕಟ್ಟಿ ಅವರು ದಂಡೆಯ ಕಲ್ಲಿನ ಮೆಟ್ಟಿಲಿಳಿದರು. ಮೂರು ಮೆಟ್ಟಿಲು ಇಳಿದರೆ ಎದೆಮಟ್ಟ, ಅದರಾಚೆ ಎರಡಾಳು ನೀರು. ಬಂದ ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದರು.

"ಮಾವಾರ, ಬ್ಯಾಡ್ರಿ! ಅದರಾಗ... ಅದರಾಗ..."

"ಅದರಾಗ ಏನೈತಿ?"

ಹೆಂಗಸರ ನಡುವೆ ನಿಂತಿದ್ದ ಸರೋಜವ್ವ ಬಾಯಿಗೆ ಸೆರಗು ತುರುಕಿಕೊಂಡು ಬೇಡ ಬೇಡವೆಂದು ತಲೆಯಾಡಿಸಿದಳು.

"ಅದರಾಗ... ಕರೆಂಟ್ ಐತ್ರಿ."

"ಇರಲಿ ಬಿಡ್ರಿ, ಗಂಗವ್ವ ಕರೆಂಟೂ ತಗೊಳ್ಳಿ!" ಎಂದವರೇ ಅಂಚನ್ನು ಒತ್ತಿ ದೋಣಿಯನ್ನು ಮುಂದಕ್ಕೆ ತಳ್ಳಿದರು. ನೀರು ಒಳಗೆ ನುಗ್ಗಿತು. ಲಾರಿಯ ಬ್ಯಾಟರಿಯ ಭಾರಕ್ಕೆ ದೋಣಿ ಬುಳುಬುಳು ಎಂದು ತಳ ಕಂಡಿತು. ಜನ ಕೂಗಿದ ಉಧೋಕ್ಕೆ ಜೊಂಡಿನಲ್ಲಿದ್ದ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಮುದಕವ್ವ ಬಸವಣ್ಣೆಪ್ಪನವರ ಕಾಲು ಮುಟ್ಟಲು ಹೋದಳು. ಗುದ್ಲೆಪ್ಪ ಅವರಿಗೆ ಮಾಲೆ ಹಾಕಿದ.

ಮಾವ ಒದ್ದೆ ಧೋತರ ಹಿಂಡುತ್ತ ಬಂದು ಅಳಿಯನ ಹೆಗಲ ಮೇಲೆ ಕೈಯಿಟ್ಟರು. ಅವರ ಮುಖ ತುಂಬ ತೃಪ್ತಿಯಿತ್ತು.

"ಕೊಟ್ಟ ಸುಖಾನ ಬ್ಯಾರೆ ನೋಡ್ರಿ. ಮನಸು ಹಗರ ಆತು. ನಡೀರಿ ಇನ್ನ ಮನೀಗೆ, ರೇಡಿಯೋ ಹಚ್ರಿ, ಬಾತ್ಮಿ ಟೈಮ್ ಆತು. ಚೇರ್ಮನ್ರ, ನೀವೂ ಬರ್ರಿ. ಎಲ್ಲಾರೂ ಬರ್ರಿ. ನನ್ನ ಅಳಿಯ ಮೂರು ತಿಂಗಳು ಕುಂತು ರಿಪೇರಿ ಮಾಡ್ಯಾನ, ಹೆಂಗ ಹಾಡ್ತೈತಿ ಅಂತ ಕೇಳಿ ಹೋಗ್ರಿ!"

ಮುಂದೆ ಮಾವ, ಹಿಂದೆ ಅರ್ಧ ಊರು, ನಡುವೆ ಕರಿಬಸಪ್ಪ. ಎಲ್ಲರೂ ಅವನ ಮನೆಯ ದಾರಿ ಹಿಡಿದರು.