ಸೈಕಲ್ಲಿನ ಬೆನ್ನಿಗೊಂದು ಫಲಕ

ಪುಣೆಯ ಕಾರಿನವರಿಗೆ ಬುದ್ಧಿ ಕಲಿಸಿಯೇ ತೀರುತ್ತೇನೆಂದು ಸದಾಶಿವ ಪೇಠೆಯ ಈ ಮುಕುಂದ ಪಟವರ್ಧನ, ಅಂದರೆ ನಾನು, ಸೈಕಲ್ಲಿನ ಹ್ಯಾಂಡಲ್ ಮುಟ್ಟಿ ಪ್ರತಿಜ್ಞೆ ಮಾಡಿದೆ! ನಮ್ಮೂರಲ್ಲಿ ಬಾಯಿಬಿಟ್ಟು ಜಗಳವಾಡುವುದು ಒರಟರ ಕೆಲಸ. ನಾವು ಫಲಕ ಬರೆದು ತೂಗುಹಾಕುತ್ತೇವೆ. ನಾನೂ ಸೈಕಲ್ಲಿನ ಹಿಂದೆ ಒಂದನ್ನು ಕಟ್ಟಿದೆ: "ಹಾರ್ನ್ ಒತ್ತಬೇಡಿ. ನನಗೆ ಕಿವಿ ಇದೆ, ರೆಕ್ಕೆ ಇಲ್ಲ."

ಮರುದಿನವೇ ಬೂದು ಬಣ್ಣದ ಕಾರೊಂದು ನನ್ನನ್ನು ದಾಟಿ ಮುಂದೆ ಹೋಯಿತು. ಅದರ ಹಿಂಗಾಜಿನಲ್ಲಿ ಉತ್ತರ! "ರೆಕ್ಕೆ ಇಲ್ಲದವರು ಎಡಕ್ಕಿರಿ."

ನಾನು ಬಿಡುತ್ತೇನೆಯೇ? ಹೊಸ ಫಲಕ ಕಟ್ಟಿದೆ: "ಎಡಗಡೆ ನೀವು ಕಾರು ನಿಲ್ಲಿಸಿದ್ದೀರಿ."

ಮತ್ತೆ ಕಾರಿನ ಉತ್ತರ: "ನಿಲ್ಲಿಸಿದ್ದಕ್ಕೇ ನಿಮಗೆ ಓದಲು ಪುರುಸೊತ್ತಾಯಿತು."

ಮಹಾಯುದ್ಧ! ನಿಜ ಹೇಳಬೇಕೆಂದರೆ ನನಗೆ ಜೀವ ಬಂತು. ಹೆಂಡತಿ ಸುಮತಿ ತೀರಿಕೊಂಡ ಮೇಲೆ ಮನೆಯಲ್ಲಿ ನನ್ನ ಮೇಲೆ ಕೂಗಾಡುವುದು ಕುಕ್ಕರ್ ಒಂದೇ. ಈಗ ಸಂಜೆಯೆಲ್ಲ ಬಣ್ಣ, ಕುಂಚ ಹಿಡಿದು ಕೂತು, ಬರೆದದ್ದನ್ನು ಗಟ್ಟಿಯಾಗಿ ಓದಿಕೊಂಡು ನಾನೇ ನಗುತ್ತಿದ್ದೆ. ನಗು ನಿಂತ ಮೇಲೆ ಮನೆ ಮತ್ತೆ ಗವ್ವೆನ್ನುತ್ತಿತ್ತು.

ನಡುವೆ ಜ್ವರ ಬಂದು ವಾರವಿಡೀ ಮಲಗಿದೆ. ಯಾರೂ ಬಾಗಿಲು ತಟ್ಟಲಿಲ್ಲ.

ಎದ್ದು ಸೈಕಲ್ ಹತ್ತಿದ ದಿನ ಬೂದು ಕಾರು ಮುಂದೆಯೇ ಹೋಗುತ್ತಿತ್ತು. ಹೊಸ ಫಲಕ! ಏದುಸಿರು ಬಿಡುತ್ತಾ ತುಳಿದು ಹತ್ತಿರ ಹೋದೆ. "ಸೈಕಲ್ಲಿನವರೇ, ವಾರದಿಂದ ಕಾಣಲಿಲ್ಲ. ಇದ್ದೀರೋ, ಹೋದಿರೋ?"

ಕಣ್ಣು ಮಂಜಾಯಿತು. ಕಾರು ಸಿಗ್ನಲ್ಲಿನಲ್ಲಿ ನಿಂತಿತು. ನಾನು ನಿಲ್ಲಲಿಲ್ಲ. ಧಡಾರ್!

ಕಾರಿನಿಂದ ನನ್ನದೇ ವಯಸ್ಸಿನ, ಕಡ್ಡಿಯಂಥ ಮನುಷ್ಯ ಇಳಿದರು. ಹೆಸರು ದಾಮಲೆ ಅಂತೆ.

"ಏನ್ರೀ, ಬ್ರೇಕ್ ಇಲ್ವಾ?"

"ಇದೆ. ಓದ್ತಾ ಇದ್ದೆ."

"ಓದೋಕೆ ಊರಲ್ಲಿ ಲೈಬ್ರರಿ ಇಲ್ವಾ! ಮೊಣಕಾಲು ನೋಡಿ, ರಕ್ತ ಸೋರ್ತಿದೆ. ಮನೆಯವರ ಫೋನ್ ನಂಬರ್ ಹೇಳಿ, ಯಾರನ್ನಾದ್ರೂ ಕರೆಸ್ತೀನಿ."

ನಾನು ಫೋನ್ ತೆಗೆದು ಸುಮ್ಮನೆ ಅದನ್ನೇ ನೋಡುತ್ತಾ ರಸ್ತೆಯಲ್ಲೇ ಕೂತೆ.

"ಯಾಕೆ, ನಂಬರ್ ಮರೆತುಹೋಯ್ತಾ?"

"ಇಲ್ಲ ದಾಮಲೆಯವರೇ. ನಾನು ಕಾಣಲಿಲ್ಲ ಅಂತ ಕೇಳಿದೋರು ನೀವೊಬ್ರೇ."

ಅವರು ಬೇರೆ ಕಡೆ ನೋಡಿದರು. ಹಿಂದಿದ್ದವರೆಲ್ಲ ಹಾರ್ನ್ ಬಾರಿಸುತ್ತಿದ್ದರು. ಆಮೇಲೆ ನನ್ನ ಸೈಕಲ್ಲನ್ನು ಡಿಕ್ಕಿಗೆ ತುರುಕುತ್ತಾ ಗದರಿದರು: "ಮೊದ್ಲು ಡಾಕ್ಟರ್ ಹತ್ರ. ಇನ್ನು ಫಲಕ ಗಿಲಕ ಬೇಡ. ಸಂಜೆ ನಮ್ಮನೆಗೇ ಬಂದು ಬಾಯಲ್ಲೇ ಬೈಯ್ರಿ. ಮಧ್ಯಾಹ್ನ ಬರ್ಬೇಡಿ, ಮಲಗಿರ್ತೀನಿ. ಚಹಾ ಮಾತ್ರ ಕುಡ್ಕೊಂಡೇ ಬನ್ನಿ!"

ಅಬ್ಬಾ, ಎಂಥ ಜಿಪುಣ! ಚುಚ್ಚಲು ಒಳ್ಳೇ ಮಾತೊಂದು ನಾಲಿಗೆಯ ತುದಿಗೆ ಬಂತು. ಬಾಯಿ ತೆರೆದೆ.

"ಚಹಾ ಮಾಡ್ತಿದ್ದೋಳು ಹೋಗಿಬಿಟ್ಲು," ಎಂದರು ದಾಮಲೆ, ಡಿಕ್ಕಿ ಮುಚ್ಚುತ್ತಾ. "ನಂಗೆ ಬರಲ್ಲ."

ತೆರೆದ ಬಾಯಿ ಮುಚ್ಚಿಕೊಂಡು ಕಾರು ಹತ್ತಿದೆ.