ಮಾವನ ತಂತಿ, ಅವಳ ದಾರ

ಅವತ್ತು ಬುಧವಾರ. ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಾ ನನ್ನ ಹೆಂಡತಿ ಫೋನಿನಲ್ಲಿ ಅವಳ ಅಪ್ಪನ ಜೊತೆ ಜಗಳವಾಡುತ್ತಿದ್ದಳು. ಜಗಳ ಮೀನಿನದು. ಹೇಮಾವತಿಯ ಹಿನ್ನೀರಿನಲ್ಲಿ ದೋಣಿ ಓಡಿಸುತ್ತಾ, ಹಿಂದೆ ಗಾಳ ಎಳೆದುಕೊಂಡು ಹೋಗಿ, ತಳದಲ್ಲಿ ಮಲಗಿರುವ ದೊಡ್ಡ ಬಾಳೆಮೀನು ಹಿಡಿಯುವುದು ಅಪ್ಪ ಮಗಳಿಬ್ಬರ ಹುಚ್ಚು. ಅಷ್ಟು ಆಳಕ್ಕೆ ಸ್ಟೀಲ್ ತಂತಿಯೇ ಬೇಕು, ಅದು ತನ್ನ ಭಾರಕ್ಕೆ ತಾನೇ ಮುಳುಗುತ್ತದೆ ಎನ್ನುವುದು ಮಾವನ ವಾದ. ಹೆಣೆದ ದಾರವೇ ಸರಿ, ತೆಳ್ಳಗಿದ್ದರೂ ಗಟ್ಟಿ, ಮೀನು ಮೂತಿ ತಾಗಿಸಿದರೂ ಕೈಗೆ ಗೊತ್ತಾಗುತ್ತದೆ, ಮುಳುಗಿಸಲು ಸೀಸದ ಗುಂಡು ಕಟ್ಟಿದರಾಯಿತು ಎನ್ನುವುದು ಅವಳದು.

ಕೊನೆಗೆ ಪಂದ್ಯ ಕಟ್ಟಿದರು. ಎರಡನ್ನೂ ತರಿಸುವುದು, ಒಂದೇ ದೋಣಿಯಿಂದ ಎರಡನ್ನೂ ಬಿಡುವುದು. ಸೋತವರು ಮನೆಮಂದಿಯ ಎದುರು "ನೀನು ಹೇಳಿದ್ದೇ ಸರಿ" ಅನ್ನಬೇಕು. ನಮ್ಮ ಮಾವ ಆ ಮಾತನ್ನು ಹುಟ್ಟಿದ ಮೇಲೆ ಯಾರಿಗೂ ಹೇಳಿದವರಲ್ಲ.

ಅವಳು ಅಲ್ಲೇ ಕೂತು ಫೋನಿನಲ್ಲಿ ಎರಡೂ ರೀಲು ಆರ್ಡರ್ ಮಾಡಿದಳು. "ನೀವೇ ಸಾಕ್ಷಿ" ಅಂದಳು ನನಗೆ. ನಾನು ಊಟದ ಡಬ್ಬಿ ತೆಗೆದುಕೊಂಡು ಶಾಲೆಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಜವಾನ ಕ್ಲಾಸಿನ ಬಾಗಿಲಿಗೆ ಬಂದು, "ಸಾ, ಮನೆಯಿಂದ ಫೋನು" ಅಂದ. ನಾನು ಹೊಳೆನರಸೀಪುರದ ಆಸ್ಪತ್ರೆ ತಲುಪುವಷ್ಟರಲ್ಲಿ ಅವಳ ಹೃದಯ ನಿಂತಿತ್ತು.

ಆಮೇಲಿನ ದಿನಗಳಲ್ಲಿ, ನಗಬಾರದ ಜಾಗದಲ್ಲಿ ನಗು ಬರಿಸುವ ಪ್ರಸಂಗಗಳು ಒಂದರ ಹಿಂದೊಂದು ನನ್ನನ್ನೇ ಹುಡುಕಿಕೊಂಡು ಬಂದವು. ನಾನು ಗಣಿತದ ಮೇಷ್ಟ್ರು. ಇಪ್ಪತ್ತು ವರ್ಷ ಯಾರೂ ನನ್ನ ಕಡೆ ತಿರುಗಿ ನೋಡದ ಹಾಗೆ ಬದುಕಿದವನು. ಈಗ ಸಂತೆಯಲ್ಲಿ ಜನ ನನ್ನನ್ನು ತೋರಿಸಿ ಪಕ್ಕದವರಿಗೆ ಪಿಸುಗುಟ್ಟುತ್ತಾರೆ.

ತಿಥಿಗೆ ಬಂದ ಪಾರ್ಸಲ್

ಹನ್ನೊಂದನೇ ದಿನ. ಮನೆ ಮುಂದೆ ಶಾಮಿಯಾನ, ತುಂಬ ಜನ. ಕಾಗೆಗೆ ಇಟ್ಟ ಎಡೆಯನ್ನು ಕಾಗೆ ಇನ್ನೂ ಮುಟ್ಟಿರಲಿಲ್ಲ. ಎಲ್ಲರೂ ಎಡೆ ಇಟ್ಟ ಗೋಡೆಯ ಮೇಲೆ ಕಣ್ಣಿಟ್ಟು ಕೂತಿದ್ದರು. ಆಗ ಕೊರಿಯರಿನವನು ಬೈಕ್ ನಿಲ್ಲಿಸಿ, ನನ್ನ ಹೆಂಡತಿಯ ಹೆಸರು ಗಟ್ಟಿಯಾಗಿ ಕೂಗಿದ.

"ಅವರು ಇಲ್ಲ" ಅಂದೆ.

"ಅವ್ರ ಫೋನಿಗೆ ಓಟಿಪಿ ಬಂದಿರ್ತದೆ ಸಾ, ಅದು ಬೇಕು. ಯಾವಾಗ ಬತ್ತಾರೆ?"

ಪಕ್ಕದಲ್ಲಿದ್ದ ನಮ್ಮ ದೊಡ್ಡಮ್ಮ, ಕಾಗೆ ಬರುವ ದಾರಿಯಿಂದ ಕಣ್ಣು ಕೀಳದೆ, ಪೂರ್ತಿ ನಂಬಿಕೆಯಿಂದ ಹೇಳಿದರು: "ಇವತ್ತು ಬಂದೇ ಬತ್ತಾಳೆ ಕಣಪ್ಪ. ಅದ್ಕೇ ನಾವೂ ಕಾಯ್ತಾ ಕುಂತಿರಾದು."

"ಅಂಗಾದ್ರೆ ನಾನೂ ಕಾಯ್ತೀನಿ ಬುಡಿ" ಅಂತ ಅವನೂ ಕೂತ.

ಸ್ವಲ್ಪ ಹೊತ್ತಿಗೆ ಕಾಗೆ ಬಂತು. ಎಲ್ಲರೂ ಎದ್ದರು, ಅವನೂ ಎದ್ದ. ಪಂಕ್ತಿ ಹಾಕಿದಾಗ ಯಾರೋ ಅವನಿಗೂ ಎಲೆ ಹಾಕಿದರು. ಅವಳ ಫೋನು ನನ್ನ ಜೇಬಿನಲ್ಲೇ ಇತ್ತು. ಓಟಿಪಿ ನೋಡಿ ಹೇಳಿದೆ. ಅವನು ಪಾರ್ಸಲ್ ಕೊಟ್ಟು, ಕೈ ಒರೆಸಿಕೊಂಡು ಬೈಕ್ ಹತ್ತಿದ. ಹೊರಡುವ ಮುಂಚೆ ತಿರುಗಿ, "ಮೇಡಂ ಬಂದ್ರೆ ಊಟ ಚೆಂದಾಗಿತ್ತು ಅಂತ ಹೇಳಿ ಸಾ" ಅಂದ.

ಭಾರವಾದದ್ದು ಏನಾದರೂ

ಪಾರ್ಸಲಿನಲ್ಲಿ ಎರಡು ರೀಲು ಇದ್ದವು, ಒಂದು ತಂತಿಯದು, ಒಂದು ದಾರದ್ದು. ಮಾವ ತಂತಿಯದನ್ನು ತಾವು ಇಟ್ಟುಕೊಂಡು, ದಾರದ್ದನ್ನು ನನ್ನ ಮುಂದೆ ಸರಿಸಿದರು. "ಇನ್ನು ಅವಳ ಪರವಾಗಿ ನೀವೇ ಮೇಷ್ಟ್ರೆ. ಪಂದ್ಯ ಪಂದ್ಯವೇ. ಅಳಿಯ ಅಂತ ನಾನೇನೂ ಬಿಟ್ಟುಕೊಡಲ್ಲ."

ನಾನು ಜೀವಮಾನದಲ್ಲಿ ಗಾಳ ಹಿಡಿದವನಲ್ಲ. ಈಜೂ ಬರುವುದಿಲ್ಲ. ಆದರೆ ಅವಳು ಸೋಲಬಾರದು. ದಾರಕ್ಕೆ ಕಟ್ಟಲು ಭಾರ ಬೇಕಿತ್ತು. ಒಂದು ಸಂಜೆ ಚನ್ನರಾಯಪಟ್ಟಣದ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯವರ ಮಗಳು ನನ್ನ ವಿದ್ಯಾರ್ಥಿನಿ. ನನ್ನ ಮನೆಯ ಸುದ್ದಿ ಅವರಿಗೆ ಗೊತ್ತಿತ್ತು. ನಾನು ಕೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ, ಹಾಗೇ ಕೇಳಿದೆ:

"ದಾರಕ್ಕೆ ಕಟ್ಟಲು ಭಾರವಾದದ್ದು ಏನಾದರೂ ಬೇಕು. ನೀರಿನ ತಳಕ್ಕೆ ಹೋಗಬೇಕು. ಮತ್ತೆ ತಾನಾಗಿ ಮೇಲಕ್ಕೆ ಬರಬಾರದು."

ಅವರು ತಕ್ಕಡಿ ಕೆಳಗಿಟ್ಟರು. "ಎಷ್ಟು ಆಳ ಸಾ?"

"ಹಿನ್ನೀರು. ಅರವತ್ತು ಅಡಿಯಾದರೂ ಇರಬಹುದು."

"ನೀವೊಬ್ರೇನಾ?"

"ಇಲ್ಲ, ಮಾವನೂ ಬರುತ್ತಾರೆ."

ಅವರು ಎದೆಯ ಮೇಲೆ ಕೈ ಇಟ್ಟುಕೊಂಡರು. "ಅವ್ರೂನಾ?"

ಆಮೇಲೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕಾಫಿ ತರಿಸಿ, ಒಳಗೆ ಹೋಗಿ ಬಂದರು. ನಾನು ಅವರ ಉಪಚಾರಕ್ಕೆ ಸಂಕೋಚಪಟ್ಟುಕೊಂಡು ಕಾಫಿ ಕುಡಿದೆ. ಅದು ಮುಗಿದರೆ ಇನ್ನೊಂದು ಬಂತು. ಎರಡನೆಯದು ಮುಗಿಯುವಷ್ಟರಲ್ಲಿ ನಮ್ಮ ಹೆಡ್ ಮಾಸ್ಟರು ಪಿ.ಟಿ. ಮೇಷ್ಟ್ರ ಬೈಕಿನ ಹಿಂದೆ ಕೂತು ಬಂದಿಳಿದರು. ಕಾಲಿನಲ್ಲಿ ಒಂದೊಂದು ತರಹದ ಚಪ್ಪಲಿ. ಬಂದವರೇ ನನ್ನ ಎರಡೂ ಕೈ ಹಿಡಿದುಕೊಂಡು, "ಮಕ್ಕಳ ಮುಖ ನೋಡಿ ಮೇಷ್ಟ್ರೆ" ಅಂದರು.

"ಯಾವ ಮಕ್ಕಳು ಸರ್?"

"ಹತ್ತನೇ ಕ್ಲಾಸು. ಗಣಿತಕ್ಕೆ ಬೇರೆ ಯಾರಿದ್ದಾರೆ ನಮಗೆ?"

ಆಗ ನನಗೆ ಅರ್ಥವಾಯಿತು. ಮೀನು, ಗಾಳ, ದೋಣಿ, ಪಂದ್ಯ, ಎಲ್ಲವನ್ನೂ ಮೊದಲಿನಿಂದ ವಿವರಿಸಿದೆ. ಪಿ.ಟಿ. ಮೇಷ್ಟ್ರು ಗೋಡೆಯ ಕಡೆ ತಿರುಗಿ ನಕ್ಕರು. ಅಂಗಡಿಯವರು ಎಲ್ಲ ಕೇಳಿಸಿಕೊಂಡು, ಮೀನಿನ ಗಾಳಕ್ಕೇ ಹಾಕುವ ಸೀಸದ ಗುಂಡುಗಳನ್ನು ಕಟ್ಟಿ ಕೊಟ್ಟರು. ಹೆಡ್ ಮಾಸ್ಟರ ಕೈಗೆ ಕೊಟ್ಟರು, ನನ್ನ ಕೈಗಲ್ಲ.

ಬೇಲಿ

ಮಾವನ ಊರು ಅರಕಲಗೂಡು ತಾಲ್ಲೂಕಿನದು. ಅವರ ಹಳೆಯ ಊರು ಈಗ ಹಿನ್ನೀರಿನ ಅಡಿಯಲ್ಲಿದೆ. ಆದ್ದರಿಂದ ಅವರು ನೀರಿನ ಮೇಲೆ ದಾರಿ ಹೇಳುವುದು ಊರೊಳಗೆ ನಡೆಯುವವರ ಹಾಗೆ. ಅಭ್ಯಾಸಕ್ಕೆಂದು ನನ್ನನ್ನು ಮೊದಲ ಸಲ ಕರೆದುಕೊಂಡು ಹೋದಾಗ, ದೋಣಿಯವನಿಗೆ ಹೇಳುತ್ತಿದ್ದರು: "ಗರಡಿಮನೆ ದಾಟಿ ಎಡಕ್ಕೆ ತಿರುಗ್ಸು. ನಿಧಾನ ಕಣ್ಲಾ, ಬಾವಿ ಐತೆ."

ಸುತ್ತಲೂ ಕಾಣುತ್ತಿದ್ದುದು ನೀರು ಮಾತ್ರ.

ಒಂದು ಕಡೆ ಮಾವನ ತಂತಿ ಬಿಗಿಯಿತು. "ದೊಡ್ದು ಕಣ್ಲಾ, ದೊಡ್ದು" ಅಂತ ಎಳೆದರು. ನಾನೂ ದೋಣಿಯವನೂ ಅವರ ಸೊಂಟ ಹಿಡಿದುಕೊಂಡೆವು. ಬಹಳ ಹೊತ್ತಿನ ಮೇಲೆ ಮೇಲೆ ಬಂದದ್ದು ತುಕ್ಕು ಹಿಡಿದ ಮುಳ್ಳುತಂತಿಯ ತುಂಡು. ನನಗೆ ಬೇಸರವಾಯಿತು. ಮಾವನ ಮುಖ ಮಾತ್ರ ಅರಳಿತು.

"ಇದು ಮಗ್ಗುಲು ಹೊಲದವನ ಬೇಲಿ. ನಮ್ಮ ಹೊಲದೊಳಕ್ಕೆ ಒತ್ತಿ ಹಾಕಿದಾನೆ ಅಂತ ನಾನು ಆವತ್ತೇ ಹೇಳ್ದೆ. ಯಾರು ಕೇಳಿದ್ರು? ಬಾವಿಯಿಂದ ಎಷ್ಟು ದೂರ ಆಯ್ತು, ಅಳೀರಿ ಮೇಷ್ಟ್ರೆ. ನೀವು ಗಣಿತದವರು."

ನೀರಿನ ಮೇಲೆ ಬಾವಿ ಎಲ್ಲಿದೆ ಎಂದು ನಾನು ಕೇಳಲಿಲ್ಲ. ಅವರು ತೋರಿಸಿದ ಕಡೆಯಿಂದ ದೋಣಿಯ ಹುಟ್ಟನ್ನೇ ಅಳತೆಕೋಲಿನ ಹಾಗೆ ನೀರಿನ ಮೇಲೆ ಇಟ್ಟು ಇಟ್ಟು ಅಳೆದೆ. ಪಕ್ಕದಲ್ಲಿ ಹೋಗುತ್ತಿದ್ದ ತೆಪ್ಪದವರು ತೆಪ್ಪ ನಿಲ್ಲಿಸಿ ನೋಡಿದರು. ನಾನು ತಲೆ ಎತ್ತಲಿಲ್ಲ.

ಆ ಬೇಲಿಯವರು ಈಗ ಕಟ್ಟಾಯದ ಕಡೆ ಇದ್ದಾರೆ. ಮಾವ ದೋಣಿಯಲ್ಲೇ ಕೂತು ಫೋನು ಮಾಡಿ, "ನಿನ್ನ ಬೇಲಿ ಸಿಕ್ತು ಕಣ್ಲಾ, ಎಲ್ಲಿ ಸಿಕ್ತು ಅಂತ ಕೇಳು" ಅಂದರು.

ಆ ಕಡೆಯಿಂದ ನಮಗೂ ಕೇಳಿಸುವಷ್ಟು ಗಟ್ಟಿಯಾಗಿ ಉತ್ತರ ಬಂತು: "ಕಲ್ಲುಕಂಬ ಗಟ್ಟಿಯಾಗೈತಾ? ಇದ್ರೆ ಕಳಿಸ್ಕೊಡು. ಇಲ್ಲಿ ದನ ನುಗ್ತವೆ."

ಎಡೆಗೆ ಮೀನು

ಪಕ್ಷದ ಹಬ್ಬ ಬಂತು. ಸತ್ತ ಹಿರಿಯರಿಗೆ ಅವರವರು ಇಷ್ಟಪಟ್ಟದ್ದನ್ನು ಎಡೆ ಇಡುವ ದಿನ. ಅವಳದು ಮೊದಲ ವರ್ಷ. "ಅವಳ ಎಡೆಗೆ ಸಂತೆ ಮೀನು ಇಡಲ್ಲ" ಅಂದರು ಮಾವ. ಪಂದ್ಯವೂ ಅವತ್ತೇ ತೀರಬೇಕು ಅಂದರು.

ಬೆಳಿಗ್ಗೆ ಹೊರಟೆವು. ಎಡಗಡೆ ಮಾವನ ತಂತಿ, ಬಲಗಡೆ ನನ್ನ ಕೈಯಲ್ಲಿ ಅವಳ ದಾರ. ತಂತಿಯಲ್ಲಿ ಬೇಲಿ ಎಳೆದ ದಿನ ಬಿದ್ದ ಸೊಟ್ಟ ಒಂದಿತ್ತು. ದೋಣಿಯವನು ತೋರಿಸಿದ. "ಸೊಟ್ಟ ಅಲ್ಲ ಅದು, ತಂತಿ ಬಳುಕ್ತಾ ಐತೆ" ಅಂದರು ಮಾವ.

ಬಾವಿಯ ಹತ್ತಿರ ದೋಣಿ ತಿರುಗಿತು. ನನ್ನ ಬೆರಳಿಗೆ ಏನೋ ತಟ್ಟಿತು, ಯಾರೋ ಬಾಗಿಲು ತಟ್ಟಿದ ಹಾಗೆ. ಆಮೇಲೆ ಗಾಳದ ಕೋಲೇ ಬಾಗಿತು. ಅದೇ ಹೊತ್ತಿಗೆ ಮಾವನ ತಂತಿಯೂ ಬಿಗಿಯಿತು.

"ನಂದು" ಅಂದರು ಮಾವ.

ನಾನು ಎದ್ದು ನಿಂತು ಕೂಗಿದೆ: "ಸಿಕ್ತು ಕಣೇ, ಸಿಕ್ತು."

ದೋಣಿಯಲ್ಲಿದ್ದವರು ಮೂವರೂ ಗಂಡಸರು. ದೋಣಿಯವನು ಎಂಜಿನ್ ಕಡೆ ತಿರುಗಿಕೊಂಡ. ನನ್ನ ಕಿವಿ ಬಿಸಿಯಾಯಿತು, ಆದರೂ ದಾರ ಬಿಡಲಿಲ್ಲ.

ಮೀನು ಮೇಲೆ ಬಂತು, ನನ್ನ ತೋಳಿನಷ್ಟುದ್ದದ ಬಾಳೆಮೀನು. ಅದರ ಬಾಯಲ್ಲಿ ಇದ್ದದ್ದು ನನ್ನ ಗಾಳ. ಆದರೆ ಮಾವನ ತಂತಿ ಅದರ ನಡುವಿಗೆ ಎರಡು ಸುತ್ತು ಸುತ್ತಿಕೊಂಡಿತ್ತು, ಸೊಟ್ಟ ಬಿದ್ದ ಕಡೆ ಮುರಿದಿತ್ತು.

"ನೋಡಿದ್ರಾ?" ಅಂದರು ಮಾವ. "ನನ್ನ ತಂತಿ ಸುತ್ಕೊಂಡಿದ್ದಕ್ಕೇ ಸುಸ್ತಾಗಿ ಬಂತು. ಇಲ್ದಿದ್ರೆ ನಿಮ್ಮ ಕೈಗೆ ಸಿಕ್ಕೋದಾ? ನೀನು ಹೇಳ್ಲಾ."

ದೋಣಿಯವನು ಯೋಚನೆ ಮಾಡಿ ಹೇಳಿದ: "ಗೌಡ್ರೆ, ಮೀನು ಬಾಯಲ್ಲಿ ತಿಂತದಾ, ಸೊಂಟದಲ್ಲಿ ತಿಂತದಾ?"

"ನೀನು ದೋಣಿ ಓಡ್ಸು."

ಮಾವನ ಮನೆಗೆ ಬರುವಷ್ಟರಲ್ಲಿ ಸುದ್ದಿ ಮುಂದಾಗಿ ಬಂದಿತ್ತು. ಅತ್ತೆ ಮೀನು ಇಸಿದುಕೊಂಡು, "ಇವತ್ತಾದ್ರೂ ಅವಳಿಗೆ ಆ ಒಂದು ಮಾತು ಹೇಳ್ಬುಡಿ" ಅಂದರು.

"ಏನಂತ ಹೇಳ್ಲಿ? ಸಮ ಆಗೈತೆ."

"ಸಮವಂತೆ. ನನ್ನ ಮದುವೆಯಾದಾಗಿನಿಂದ ನಿಮ್ಮದು ಸಮವೇ."

ಮಾವ ಸ್ನಾನ ಮಾಡಿ ಬಂದರು. ಅವಳ ಫೋಟೋದ ಮುಂದೆ ಎಲೆ ಹಾಕಿ, ಮೀನಿನ ಸಾರು, ಮುದ್ದೆ, ಅನ್ನ, ಅವಳ ಹಸಿರು ಸೀರೆ, ಎಲ್ಲ ಇಟ್ಟೆವು. ನಾನು ದಾರದ ರೀಲು ಇಟ್ಟೆ. ಮಾವ ಅದರ ಪಕ್ಕಕ್ಕೇ, ಒಂಚೂರು ಮುಂದಕ್ಕೆ, ತಂತಿಯ ರೀಲು ಇಟ್ಟರು. ಅತ್ತೆ ಹಣೆ ಚಚ್ಚಿಕೊಂಡರು.

ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುವುದು ಪದ್ಧತಿ, ಬಂದವರು ನೆಮ್ಮದಿಯಾಗಿ ಉಣ್ಣಲಿ ಅಂತ. ನಾವೆಲ್ಲ ಜಗುಲಿಗೆ ಬಂದೆವು. ಮಾವ ಬರಲಿಲ್ಲ. ಅತ್ತೆ ಎರಡು ಸಲ ಕರೆದರು. ಆಮೇಲೆ ಬಂದು, ಬಾಗಿಲು ಎಳೆದುಕೊಂಡು, ಹೆಗಲ ಟವಲನ್ನು ಉಂಡೆ ಮಾಡಿ ಕಂಕುಳಲ್ಲಿ ಇರುಕಿಕೊಂಡು ನಿಂತರು. "ಏನು ಮಾಡ್ತಿದ್ರಿ ಒಳಗೆ?" ಅಂದರು ಅತ್ತೆ. "ದೀಪಕ್ಕೆ ಎಣ್ಣೆ ಇರಲಿಲ್ಲ" ಅಂದರು.

ಸ್ವಲ್ಪ ಹೊತ್ತು ಬಿಟ್ಟು ನಾನೇ ಬಾಗಿಲು ತೆಗೆದೆ. ಎಡೆಯ ಮುಂದೆ ಒಂದೇ ರೀಲು ಇತ್ತು, ದಾರದ್ದು.